ಹ್ಯಾಂಡ್ ಪ್ರೆಸ್‌ನಿಂದ ಭುಜ ನೋವು: ಲಿವರ್ ಉದ್ದ ಮಾಡುವ ಮೊದಲು ಸ್ಟ್ರೋಕ್ ಗಿಡ್ಡ ಮಾಡಿ

ಪ್ರಶ್ನೆ: ಸರ್, ನಮಸ್ಕಾರ. ಮಂಡ್ಯದಲ್ಲಿ ಮನೆ ಪಕ್ಕದ ಶೆಡ್‌ನಲ್ಲಿ ಒಂದು ಟನ್ನಿನ ಹ್ಯಾಂಡ್ ಪ್ರೆಸ್ ಇಟ್ಟುಕೊಂಡಿದ್ದೇವೆ. ತೂಬಿನಕೆರೆಯ ಒಂದು ಕಾರ್ಖಾನೆಗೆ ಜಾಬ್ ವರ್ಕ್. ಅಲ್ಯೂಮಿನಿಯಂ ಬ್ರಾಕೆಟ್‌ಗೆ 12 ಮಿ.ಮೀ. ದಪ್ಪ, 10 ಮಿ.ಮೀ. ಉದ್ದದ ಹಿತ್ತಾಳೆ ಬುಷ್, ಅಂದರೆ ತೂತಿನೊಳಗೆ ಕೂರುವ ಸಣ್ಣ ಕೊಳವೆ, ಒತ್ತಬೇಕು. ರ್ಯಾಮ್ (ಲಿವರ್ ಎಳೆದರೆ ಇಳಿದು ಒತ್ತುವ ಕಂಬ) ಕೆಳಗೆ ಆರು ಸ್ಟೇಷನ್ನಿನ, ಅಂದರೆ ಆರು ಪೀಸ್ ಕೂರಿಸುವ ಜಾಗದ, ದುಂಡು ಪ್ಲೇಟ್ ಇದೆ, ಅದನ್ನು ಕೈಯಲ್ಲೇ ತಿರುಗಿಸುತ್ತೇವೆ. ದಿನಕ್ಕೆ ಸುಮಾರು 600 ಪೀಸ್. ನಾನು ಮತ್ತು ಅತ್ತಿಗೆ ಸರದಿ ಮೇಲೆ ಕೂರುತ್ತೇವೆ, ಅಂದರೆ ನಿಂತೇ ಮಾಡುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಇಬ್ಬರಿಗೂ ಬಲಭುಜ ಹಿಡಿದುಕೊಳ್ಳುತ್ತದೆ. ಅತ್ತಿಗೆಗೆ ಎಡಗೈ ಮಣಿಕಟ್ಟೂ ನೋವು. ನಾನು 5 ಅಡಿ 9 ಇಂಚು, ಅವರು 5 ಅಡಿ. ಟೇಬಲ್ 90 ಸೆಂ.ಮೀ. ಎತ್ತರ. ಲಿವರ್ 30 ಸೆಂ.ಮೀ. ಇದೆ, ಅದಕ್ಕೆ ಪೈಪ್ ವೆಲ್ಡ್ ಮಾಡಿಸಿ 45 ಮಾಡಿಸೋಣ, ಪ್ಲೇಟ್‌ಗೆ ಚೆನ್ನಾಗಿ ಆಯಿಲ್ ಬಿಡೋಣ ಅಂದುಕೊಂಡಿದ್ದೇವೆ. ಸರಿಯಾ? ಇಲ್ಲಾ ಗಾಳಿ ಪ್ರೆಸ್ಸೇ ತಗೊಳ್ಳಬೇಕಾ?

ಉತ್ತರ: ಪೈಪ್ ವೆಲ್ಡ್ ಮಾಡಿಸಬೇಡಿ. ಕನಿಷ್ಠ ಈಗಲೇ ಬೇಡ. ಹ್ಯಾಂಡ್ ಪ್ರೆಸ್‌ನಲ್ಲಿ ಭುಜ ನೋಯುತ್ತಿದೆ ಅಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಲಿವರ್ ಉದ್ದ ಮಾಡುವುದು. ಒತ್ತುವಾಗ ಹಗುರ ಅನ್ನಿಸುತ್ತದೆ, ನಿಜ. ಆದರೆ ನಿಮ್ಮ ಕೆಲಸದಲ್ಲಿ ಭುಜವನ್ನು ಸೋಲಿಸುತ್ತಿರುವುದು ಒತ್ತುವ ಬಲಕ್ಕಿಂತ ಹೆಚ್ಚಾಗಿ ಕೈ ಸುಮ್ನೆ ಓಡಾಡುವ ದೂರ, ಮತ್ತು ಆ ಓಡಾಟದಲ್ಲಿ ಕೈ ಭುಜಕ್ಕಿಂತ ಮೇಲೆ ಹೋಗುವುದು. ಉದ್ದದ ಲಿವರ್ ಇವೆರಡನ್ನೂ ಜಾಸ್ತಿ ಮಾಡುತ್ತದೆ.

ಸ್ವಲ್ಪ ಲೆಕ್ಕ ಮಾಡೋಣ. ನಿಮ್ಮ ಪ್ರೆಸ್ ಒಳಗೆ ಇರುವುದು ಒಂದು ಪಿನಿಯನ್ ಹಲ್ಲುಚಕ್ರ ಮತ್ತು ರ್ಯಾಮ್ ಮೇಲೆ ಕೊರೆದ ರ್ಯಾಕ್, ಅಂದರೆ ನೇರ ಹಲ್ಲುಸಾಲು. ಈ ಅಳತೆಯ ಪ್ರೆಸ್‌ನಲ್ಲಿ ಪಿನಿಯನ್‌ಗೆ 15 ಹಲ್ಲು, ಮಧ್ಯದಿಂದ ಹಲ್ಲು ಕೂಡುವ ಜಾಗಕ್ಕೆ 15 ಮಿ.ಮೀ. ಅಂತ ಇಟ್ಟುಕೊಳ್ಳಿ. ನಿಮ್ಮದರಲ್ಲಿ ಬೇರೆ ಇದ್ದರೆ ಅಳೆದು ಅದೇ ಲೆಕ್ಕ ಮಾಡಿ. ಲಿವರ್ 300 ಮಿ.ಮೀ. ಅಂದರೆ ಬಲ 20 ಪಟ್ಟಾಗುತ್ತದೆ. ಕೈಯಲ್ಲಿ 10 ಕೆ.ಜಿ. ಒತ್ತಿದರೆ ರ್ಯಾಮ್ ತುದಿಯಲ್ಲಿ 200 ಕೆ.ಜಿ. ಅದಕ್ಕೆ ಕೊಡುವ ಬೆಲೆ ಏನು? ರ್ಯಾಮ್ 1 ಮಿ.ಮೀ. ಇಳಿಯಬೇಕಾದರೆ ಕೈ 20 ಮಿ.ಮೀ. ಓಡಬೇಕು.

ಈಗ ನಿಮ್ಮ ರ್ಯಾಮ್ ಎಷ್ಟು ಮೇಲೆ ಹೋಗಿ ಬರುತ್ತಿದೆ ಅಂತ ಸ್ಕೇಲ್ ಹಿಡಿದು ನೋಡಿ. ನೀವು ಬರೆದಿಲ್ಲ. ಆದರೆ ಸ್ಟಾಪರ್ ಇಲ್ಲದ ಪ್ರೆಸ್‌ನಲ್ಲಿ ಜನ ಲಿವರನ್ನು ಹಿಂದಕ್ಕೆ ಪೂರ್ತಿ ತಳ್ಳಿಬಿಡುತ್ತಾರೆ, 45 ಮಿ.ಮೀ. ಎತ್ತುವುದು ತೀರಾ ಮಾಮೂಲಿ. 45 ಮಿ.ಮೀ. ಅಂದರೆ ಲಿವರ್ ಹೆಚ್ಚುಕಮ್ಮಿ ಅರ್ಧ ಸುತ್ತು. ಕೈ ಇಳಿಯುವಾಗ 90 ಸೆಂ.ಮೀ., ವಾಪಸ್ ಹೋಗುವಾಗ 90 ಸೆಂ.ಮೀ. ದಿನಕ್ಕೆ 600 ಪೀಸ್ ಅಂದರೆ ನಿಮ್ಮಿಬ್ಬರ ಬಲಗೈ ಸೇರಿ ಒಂದು ಕಿಲೋಮೀಟರಿಗಿಂತ ಜಾಸ್ತಿ ದೂರ ಗಾಳಿಯಲ್ಲಿ ಓಡಾಡಿರುತ್ತದೆ. ಅದರಲ್ಲಿ ಬುಷ್ ಒಳಗೆ ಹೋಗುವ ಕೆಲಸ ಬರೀ 10 ಮಿ.ಮೀ. ಮಾತ್ರ. ಉಳಿದದ್ದೆಲ್ಲ ದಂಡ.

ನಿಮಗೆ ಬೇಕಾದ ಸ್ಟ್ರೋಕ್, ಅಂದರೆ ರ್ಯಾಮ್ ಇಳಿಯುವ ದೂರ, ಎಷ್ಟು? ಒತ್ತುವ ಮೊದಲು ಬುಷ್ ಬ್ರಾಕೆಟ್ ಮೇಲೆ 10 ಮಿ.ಮೀ. ನಿಂತಿರುತ್ತದೆ. ಪ್ಲೇಟ್ ತಿರುಗುವಾಗ ಪಂಚ್ (ರ್ಯಾಮ್ ತುದಿಯ ಒತ್ತುವ ತುಂಡು) ಅದಕ್ಕೆ ತಗುಲಬಾರದು, ಅದಕ್ಕೆ 5 ಮಿ.ಮೀ. ಜಾಗ. ಬುಷ್ ಸ್ವಲ್ಪ ವಾರೆ ಕೂತಿದ್ದರೂ ಪಾರಾಗಲಿ ಅಂತ ಇನ್ನು 3 ಸೇರಿಸಿ. ಒಟ್ಟು 18 ಮಿ.ಮೀ. ಇಷ್ಟಕ್ಕೆ ಇಳಿಸಿದರೆ ಲಿವರ್ ತಿರುಗುವುದು 70 ಡಿಗ್ರಿಯ ಒಳಗೆ, ಕೈ ಓಡುವುದು 36 ಸೆಂ.ಮೀ. ದಿನದ ಓಡಾಟ ಕಿಲೋಮೀಟರಿನಿಂದ 430 ಮೀಟರ್ ಆಸುಪಾಸಿಗೆ ಬರುತ್ತದೆ. ಬಲ ಒಂದು ಗ್ರಾಂ ಕೂಡ ಕಮ್ಮಿ ಮಾಡದೆ, ಕೈಯ ಓಡಾಟ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಇದನ್ನು ಮಾಡುವುದು ಹೀಗೆ. ಮೊದಲು ಪಂಚ್ ಉದ್ದ. ಈಗಿರುವ ಪಂಚ್ ಗಿಡ್ಡ ಇದ್ದರೆ ರ್ಯಾಮ್ ತುಂಬಾ ಇಳಿಯಬೇಕಾಗುತ್ತದೆ. ಇಎನ್ 8 ಅನ್ನುವ ಉಕ್ಕಿನಲ್ಲಿ ಉದ್ದನೆಯ ಹೊಸ ಪಂಚ್ ಮಾಡಿಸಿ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆ ಯಾವ ಲೇತ್ ಅಂಗಡಿಯವರಾದರೂ ಮಾಡಿಕೊಡುತ್ತಾರೆ, ಮಂಡ್ಯದಲ್ಲೂ ಆಗುತ್ತದೆ. ತುದಿ ಸಮತಟ್ಟಾಗಿ, ಅಂದರೆ ಪಂಚ್‌ನ ಮೈಗೆ ಸರಿಯಾಗಿ 90 ಡಿಗ್ರಿಗೆ ಕಡೆದಿರಬೇಕು, ಅದನ್ನು ಒತ್ತಿ ಹೇಳಿ. ಬುಷ್‌ನ ತೂತಿನೊಳಗೆ ಸಡಿಲವಾಗಿ ಇಳಿಯುವ ಒಂದು ಚಿಕ್ಕ ಮೂತಿಯನ್ನೂ ಪಂಚ್‌ಗೆ ಬಿಡಿಸಿ. ಬುಷ್ ವಾರೆ ಹೋಗುವುದು ಅರ್ಧ ನಿಂತುಹೋಗುತ್ತದೆ. ಆದರೆ ಮೂತಿ ಎಷ್ಟು ಉದ್ದವೋ ಅಷ್ಟು ಸ್ಟ್ರೋಕ್ ಜಾಸ್ತಿ ಬೇಕಾಗುತ್ತದೆ, ಹಾಗಾಗಿ 3 ಮಿ.ಮೀ. ಸಾಕು. ಮೇಲೆ ಹೇಳಿದ 5 ಮತ್ತು 3ರ ಜಾಗದಲ್ಲೇ ಅದು ಹಿಡಿಯುತ್ತದೆ.

ಆಮೇಲೆ ಎರಡು ಸ್ಟಾಪರ್. ರ್ಯಾಮ್‌ನ ಮೇಲ್ತುದಿ ಪ್ರೆಸ್ ಮೈಯಿಂದ ಹೊರಗೆ ಇಣುಕುತ್ತದಲ್ಲ, ಅಲ್ಲಿಗೆ ಎರಡು ಹೋಳಿನ ಕ್ಲ್ಯಾಂಪ್ ಬಿಗಿದರೆ ರ್ಯಾಮ್ ಕೆಳಗೆ ಬರುವಾಗ ಅದು ಮೈಗೆ ಬಡಿದು ನಿಲ್ಲುತ್ತದೆ. ಬುಷ್ ಎಷ್ಟು ಆಳ ಕೂರಬೇಕೋ ಅಷ್ಟಕ್ಕೆ ಸೆಟ್ ಮಾಡಿ. ಇದರಿಂದ ಇನ್ನೊಂದು ಲಾಭವಿದೆ. ಸ್ಟಾಪರ್ ಇಲ್ಲದಾಗ ಪ್ರತಿ ಪೀಸ್‌ಗೂ ಬುಷ್ ಕೂತಿತೋ ಇಲ್ಲವೋ ಅಂತ ಕೈಯಲ್ಲೇ ಅಂದಾಜು ಮಾಡುತ್ತೀರಿ, ಅನುಮಾನಕ್ಕೆ ಇನ್ನೊಂದು ಸಲ ಒತ್ತುತ್ತೀರಿ. ಆ ಕೊನೆಯ ಬಿಗಿತವೇ ಭುಜಕ್ಕೆ ಜಾಸ್ತಿ ಕೆಟ್ಟದ್ದು. ಲೋಹಕ್ಕೆ ಲೋಹ ತಗುಲಿ ಟಕ್ ಅಂದರೆ ಕೈ ತಾನಾಗಿ ಬಿಡುತ್ತದೆ. ಇನ್ನೊಂದು ಸ್ಟಾಪರ್ ರ್ಯಾಮ್‌ನ ಕೆಳಭಾಗಕ್ಕೆ, ಪ್ರೆಸ್ ಮೈಯ ಅಡಿಯಲ್ಲಿ. ಅದು 18 ಮಿ.ಮೀ.ಗಿಂತ ಮೇಲೆ ಹೋಗದಂತೆ ತಡೆಯುತ್ತದೆ. ಅದರ ಮೇಲೊಂದು ರಬ್ಬರ್ ವಾಷರ್ ಇಡಿ, ಶಬ್ದ ಕಮ್ಮಿಯಾಗುತ್ತದೆ.

ಈಗ ಲಿವರ್ ಕೋನ. ನನ್ನ ಪ್ರಕಾರ ಸ್ಟ್ರೋಕ್ ಆದಮೇಲೆ ಅತಿ ಮುಖ್ಯವಾದದ್ದು ಇದು. ಇದನ್ನು ಯಾರೂ ಮುಟ್ಟುವುದಿಲ್ಲ, ಪ್ರೆಸ್ ಬಂದಾಗ ಹೇಗಿತ್ತೋ ಹಾಗೇ ವರ್ಷಗಟ್ಟಲೆ ನಡೆಸುತ್ತಾರೆ. ಬುಷ್ ಒತ್ತುವಾಗ ಬಲ ಒಂದೇ ಸಮ ಇರುವುದಿಲ್ಲ. ಒಳಗೆ ಹೋದಷ್ಟೂ ಬಿಗಿ ಜಾಸ್ತಿ, ಕೊನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ. ಆ ಕೊನೆಯ ಹೊತ್ತಿಗೆ ನಿಮ್ಮ ಕೈ ಮೊಣಕೈ ಮಟ್ಟದಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ ಇರಬೇಕು, ಲಿವರ್ ಹೆಚ್ಚುಕಮ್ಮಿ ಅಡ್ಡ ಮಲಗಿರಬೇಕು. ಆಗ ಮೈಯ ಭಾರವೇ ಸಹಾಯಕ್ಕೆ ಬರುತ್ತದೆ. ಲಿವರ್ ಇನ್ನೂ ಮೇಲೆ ನಿಂತಿರುವಾಗಲೇ ಬಿಗಿ ಬಂದರೆ ಬರೀ ರಟ್ಟೆ, ಭುಜದಿಂದ ಎಳೆಯಬೇಕು.

ನಿಮ್ಮ ಟೇಬಲ್ 90 ಸೆಂ.ಮೀ. ಇಂಥ ಚಿಕ್ಕ ಪ್ರೆಸ್‌ನಲ್ಲಿ ಪಿನಿಯನ್ ಶಾಫ್ಟ್ ಟೇಬಲ್‌ನಿಂದ ಸುಮಾರು 25 ಸೆಂ.ಮೀ. ಮೇಲಿರುತ್ತದೆ, ಅಂದರೆ ನೆಲದಿಂದ 115. ಮನುಷ್ಯರಿಗೆ ನಿಂತಾಗ ಮೊಣಕೈ ಒಟ್ಟು ಎತ್ತರದ ನೂರಕ್ಕೆ 63ರಷ್ಟು ಮೇಲೆ ಬರುತ್ತದೆ. ನಿಮಗೆ ಅದು 110 ಸೆಂ.ಮೀ., ಅತ್ತಿಗೆಯವರಿಗೆ 96. ಭುಜ ನಿಮಗೆ 143ರ ಹತ್ತಿರ, ಅವರಿಗೆ 125ರ ಹತ್ತಿರ. 70 ಡಿಗ್ರಿಯ ಓಟವನ್ನು ಹೀಗೆ ಹಂಚಿ: ಅಡ್ಡ ಗೆರೆಗಿಂತ 55 ಡಿಗ್ರಿ ಮೇಲೆ ಶುರು, 15 ಡಿಗ್ರಿ ಕೆಳಗೆ ಕೊನೆ. ಆಗ ಹಿಡಿ 140 ಸೆಂ.ಮೀ. ಎತ್ತರದಲ್ಲಿ ಶುರುವಾಗಿ 107ಕ್ಕೆ ಮುಗಿಯುತ್ತದೆ. ನಿಮಗೆ ಭುಜದ ಕೆಳಗೆ ಶುರು, ಮೊಣಕೈ ಕೆಳಗೆ ಮುಗಿಯುವುದು. ಸರಿಯಾಗಿ ಹೊಂದುತ್ತದೆ. ಅತ್ತಿಗೆಯವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕೋನ ಬದಲಿಸುವುದು ಕಷ್ಟವಲ್ಲ. ಕೆಲವು ಪ್ರೆಸ್‌ಗಳಲ್ಲಿ ಲಿವರ್ ಬಾಸ್ (ಲಿವರನ್ನು ಶಾಫ್ಟ್‌ಗೆ ಹಿಡಿಯುವ ಬಳೆ) ಶಾಫ್ಟ್ ಮೇಲೆ ಗ್ರಬ್ ಸ್ಕ್ರೂ, ಅಂದರೆ ತಲೆಯಿಲ್ಲದ ಸ್ಕ್ರೂನಿಂದ ನಿಂತಿರುತ್ತದೆ, ಸಡಿಲಿಸಿ ತಿರುಗಿಸಬಹುದು. ನಿಮ್ಮದರಲ್ಲಿ ಲಿವರ್ ಕೋಲು ಶಾಫ್ಟ್‌ನ ತೂತಿನಲ್ಲೇ ತೂರಿದ್ದರೆ ಹಲ್ಲು ಬದಲಿಸಬೇಕು. ರ್ಯಾಮ್ ಕೆಳಗೆ ಮರದ ತುಂಡು ಕೊಟ್ಟು, ಸ್ಟಾಪರ್ ಬಿಚ್ಚಿ, ರ್ಯಾಮನ್ನು ಪಿನಿಯನ್ನಿನಿಂದ ಪೂರ್ತಿ ಹೊರಗೆ ಇಳಿಸಿ. ಲಿವರನ್ನು ಒಂದು ಹಲ್ಲು ತಿರುಗಿಸಿ ಮತ್ತೆ ಕೂಡಿಸಿ. 15 ಹಲ್ಲಿನ ಪಿನಿಯನ್‌ನಲ್ಲಿ ಒಂದು ಹಲ್ಲಿಗೆ 24 ಡಿಗ್ರಿ. ಅದಕ್ಕಿಂತ ಸಣ್ಣ ವ್ಯತ್ಯಾಸ ಬೇಕಾದರೆ ಪ್ಲೇಟ್ ಅಡಿಯಲ್ಲಿ ಶಿಮ್, ಅಂದರೆ ತೆಳು ತಗಡು ಕೊಟ್ಟು ಸರಿಮಾಡಿ: 4 ಮಿ.ಮೀ. ಶಿಮ್ ಅಂದರೆ ಲಿವರ್ 15 ಡಿಗ್ರಿ ಮೇಲೆ ಮುಗಿಯುತ್ತದೆ. ಮರದ ತುಂಡು ಮರೆಯಬೇಡಿ, ಹಲ್ಲು ಬಿಟ್ಟ ಕೂಡಲೇ ರ್ಯಾಮ್ ದಡಕ್ಕನೆ ಬೀಳುತ್ತದೆ. ಎಲ್ಲ ಜೋಡಿಸಿದ ಮೇಲೆ ಲಿವರ್ ಪೂರ್ತಿ ಇಳಿದಾಗ ಪ್ಲೇಟ್ ಮೇಲಿನ ಬ್ರಾಕೆಟ್‌ಗೆ ತಗುಲುತ್ತದಾ ಅಂತ ನೋಡಿ. ತಗುಲಿದರೆ ಲಿವರ್ ಬಾಸನ್ನು ಶಾಫ್ಟ್ ಮೇಲೆ ಸ್ವಲ್ಪ ಹೊರಕ್ಕೆ ಎಳೆಯಿರಿ.

ಈ ಲೆಕ್ಕದಲ್ಲಿ 45 ಸೆಂ.ಮೀ. ಲಿವರ್ ಹಾಕಿ ನೋಡಿ. ಅದೇ 55 ಡಿಗ್ರಿಯಲ್ಲಿ ಹಿಡಿ 152 ಸೆಂ.ಮೀ.ಗೆ ಹೋಗುತ್ತದೆ. ಅತ್ತಿಗೆಯವರ ನೆತ್ತಿಯ ಮಟ್ಟ! ಪ್ರತಿ ಪೀಸ್‌ಗೂ ಕೈ ತಲೆ ಮೇಲೆ ಎತ್ತಬೇಕು. ಇನ್ನೊಂದು ವಿಷಯ, ಪಿನಿಯನ್ ಹಲ್ಲು ಎಷ್ಟು ಬಲ ತಡೆಯುತ್ತದೆ ಅನ್ನುವುದರ ಮೇಲೆಯೇ ತಯಾರಕರು ಲಿವರ್ ಉದ್ದ ಇಟ್ಟಿರುತ್ತಾರೆ. ಉದ್ದ ಮಾಡಿದರೆ ಕೈಗೆ ಭಾರ ಗೊತ್ತಾಗದೆ ಹಲ್ಲು ಮುರಿಯಬಹುದು. ಬೀಡು ಕಬ್ಬಿಣದ ಮೈ ಇದ್ದರೆ ಅದೂ ಬಿರುಕು ಬಿಡಬಹುದು.

ಇಷ್ಟೆಲ್ಲ ಆದಮೇಲೂ ಒತ್ತುವುದು ಭಾರ ಅನ್ನಿಸಿದರೆ ಬಲವನ್ನು ಅಳೆಯಿರಿ. ಬ್ಯಾಗ್ ತೂಗುವ ಸ್ಪ್ರಿಂಗ್ ತಕ್ಕಡಿ ಇದ್ದರೆ ಸಾಕು. ಹಿಡಿಗೆ ಸಿಕ್ಕಿಸಿ, ಲಿವರ್‌ಗೆ ನೇರ ಅಡ್ಡವಾಗಿ ಎಳೆದು ಬುಷ್ ಕೂರಿಸಿ, ಕೊನೆಯಲ್ಲಿ ಎಷ್ಟು ತೋರಿಸುತ್ತದೆ ನೋಡಿ. 6-8 ಕೆ.ಜಿ. ಒಳಗಿದ್ದರೆ ದಿನವಿಡೀ ಮಾಡಬಹುದಾದ ಕೆಲಸ. 12-15 ಕೆ.ಜಿ. ಬಂದರೆ ತಪ್ಪು ಪ್ರೆಸ್‌ನದ್ದಲ್ಲ, ಫಿಟ್ಟಿಂಗ್‌ನದ್ದು. ಇಷ್ಟು ಸಣ್ಣ ಹಿತ್ತಾಳೆ ಬುಷ್‌ಗೆ ತೂತಿಗಿಂತ 0.02ರಿಂದ 0.03 ಮಿ.ಮೀ. ದಪ್ಪ ಇದ್ದರೆ ಗಟ್ಟಿಯಾಗಿ ಕೂರುತ್ತದೆ. ಬ್ರಾಕೆಟ್ ತೂತು ಬರೀ ಡ್ರಿಲ್ ಮಾಡಿದ್ದೋ, ರೀಮರ್ ಹಾಕಿ ಸರಿಯಾದ ಅಳತೆಗೆ ನುಣುಪು ಮಾಡಿದ್ದೋ ಕೇಳಿ. ಡ್ರಿಲ್ ತೂತು ಒಂದೊಂದು ಒಂದೊಂದು ಥರ ಇರುತ್ತದೆ, ಅದಕ್ಕೇ ಕೆಲವು ಪೀಸ್ ಬೆಣ್ಣೆ ಹಾಗೆ ಇಳಿದು ಕೆಲವು ಕೈ ಕೀಳುತ್ತವೆ. ಬುಷ್ ಮುಂತುದಿಗೆ ಓರೆ ಅಂಚು, ಅಂದರೆ ಚಾಂಫರ್ ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಯೂಮಿನಿಯಂ ಕೆರೆದುಕೊಂಡು ಹೋಗುತ್ತದೆ. ಕಾರ್ಖಾನೆಯವರು ಒಪ್ಪಿದರೆ ತೂತಿನ ಬಾಯಿಗೆ ತೆಳು ಎಣ್ಣೆ ಸವರಿ. ಈ ಮೂರನ್ನೂ ಜಾಬ್ ಕೊಟ್ಟವರ ಹತ್ತಿರ ಧೈರ್ಯವಾಗಿ ಮಾತಾಡಿ. ಅವರ ತೂತು ಬಿಗಿಯಾಗಿದ್ದರೆ ಅದರ ಕೂಲಿಯನ್ನು ನಿಮ್ಮ ಭುಜ ಕೊಡಬೇಕಾಗಿಲ್ಲ.

ರ್ಯಾಮ್ ಮೇಲೆತ್ತುವ ಕೆಲಸವನ್ನು ಸ್ಪ್ರಿಂಗ್‌ಗೆ ಬಿಡಿ. ಸ್ಪ್ರಿಂಗ್ ಇಲ್ಲದ ಪ್ರೆಸ್‌ನಲ್ಲಿ ರ್ಯಾಮ್ ತಾನಾಗಿ ಜಾರದಿರಲಿ ಅಂತ ಪಕ್ಕದ ಗಿಬ್ ಪಟ್ಟಿಯನ್ನು, ಅಂದರೆ ರ್ಯಾಮ್ ಅಲ್ಲಾಡದಂತೆ ಒತ್ತಿ ಹಿಡಿಯುವ ಪಟ್ಟಿಯನ್ನು, ಬಿಗಿದಿರುತ್ತಾರೆ. ಅಂದರೆ ನೀವು ಪ್ರತಿ ಸಲ ಬ್ರೇಕ್ ಹಿಡಿದ ಯಂತ್ರವನ್ನು ತಳ್ಳುತ್ತಿರುತ್ತೀರಿ. ಒಂದು ಎಳೆಯುವ ಸ್ಪ್ರಿಂಗನ್ನು ಪ್ರೆಸ್ ಹಿಂದೆ ನಿಲ್ಲಿಸಿದ ಪಟ್ಟಿಯಿಂದ ರ್ಯಾಮ್‌ನ ಮೇಲಿನ ಕ್ಲ್ಯಾಂಪ್‌ಗೆ ಸಿಕ್ಕಿಸಿ. ಆಮೇಲೆ ಗಿಬ್ ಸ್ಕ್ರೂಗಳನ್ನು ಅಲೆನ್ ಕೀಯಿಂದ ಸಡಿಲಿಸುತ್ತಾ ಬನ್ನಿ. ರ್ಯಾಮ್ ಪಕ್ಕಕ್ಕೆ ಅಲ್ಲಾಡಬಾರದು, ಆದರೆ ಮೇಲೆ ಕೆಳಗೆ ಸರಾಗ ಜಾರಬೇಕು, ಅಲ್ಲಿ ಚೆಕ್ ನಟ್ ಬಿಗಿಯಿರಿ. ಸ್ಪ್ರಿಂಗ್ ಗಟ್ಟಿ ಇರುವುದು ಬೇಡ. ಹಿಡಿ ಬಿಟ್ಟರೆ ರ್ಯಾಮ್ ನಿಧಾನವಾಗಿ ಎದ್ದು ರಬ್ಬರ್‌ಗೆ ತಾಗಬೇಕು, ಅಷ್ಟೇ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಪ್ರತಿ ಒತ್ತಿಗೂ ಅದರ ಭಾರವೂ ಸೇರುತ್ತದೆ, ಕೈ ಜಾರಿದರೆ ಲಿವರ್ ಗದ್ದಕ್ಕೆ ಬಡಿಯುತ್ತದೆ.

ಈಗ ಇಬ್ಬರ ಎತ್ತರದ ಮಾತು. ಪ್ಲೇಟ್ ಮೇಲ್ಮೈ ಟೇಬಲ್‌ನಿಂದ 12 ಸೆಂ.ಮೀ. ಮೇಲಿದೆ ಅಂದುಕೊಂಡರೆ ನೆಲದಿಂದ 102. ಕೈಯಲ್ಲಿ ಸಣ್ಣ ಸಾಮಾನು ಜೋಡಿಸುವ ಕೆಲಸಕ್ಕೆ ಮೊಣಕೈಗಿಂತ 5-10 ಸೆಂ.ಮೀ. ಕೆಳಗೆ ಒಳ್ಳೆಯದು. ನಿಮಗೆ 8 ಸೆಂ.ಮೀ. ಕೆಳಗಿದೆ, ಸರಿಯಾಗಿದೆ. ಅತ್ತಿಗೆಯವರಿಗೆ ಅದೇ ಪ್ಲೇಟ್ ಮೊಣಕೈಗಿಂತ 6 ಸೆಂ.ಮೀ. ಮೇಲೆ. ಬುಷ್ ಇಡಲು ಕೂಡ ಅವರು ಭುಜ ಎತ್ತಿಯೇ ಇರಬೇಕು. ಅವರ ನೋವು ನಿಮಗಿಂತ ಜಾಸ್ತಿ ಇರುವುದಕ್ಕೆ ಇದೊಂದೇ ಕಾರಣ ಸಾಕು. ಟೇಬಲ್ ಕಾಲು ಕತ್ತರಿಸಬೇಡಿ, ಆಗ ನೀವು ಬಗ್ಗಬೇಕಾಗುತ್ತದೆ, ಸೊಂಟ ಹೋಗುತ್ತದೆ. ಎತ್ತರದವರಿಗೆ ಹೊಂದುವ ಹಾಗೆ ಟೇಬಲ್ ಇರಲಿ, ಗಿಡ್ಡ ಇರುವವರಿಗೆ ಮಣೆ ಕೊಡಿ. 14 ಸೆಂ.ಮೀ. ಎತ್ತರದ ಮರದ ವೇದಿಕೆ ಮಾಡಿಸಿ. ಅಡುಗೆಮನೆ ಮಣೆಯಷ್ಟು ಚಿಕ್ಕದು ಬೇಡ, ಹಿಂದೆ ಹೆಜ್ಜೆ ಇಟ್ಟರೆ ಬೀಳುತ್ತಾರೆ. 90 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ ಇರಲಿ, ಅಂಚಿಗೆ ಹಳದಿ ಬಣ್ಣ ಬಳಿಯಿರಿ. ಇದರ ಮೇಲೆ ನಿಂತರೆ ಅವರ ಮೊಣಕೈಯೂ 110ಕ್ಕೆ ಬರುತ್ತದೆ, ನಿಮಗೆ ಸೆಟ್ ಮಾಡಿದ ಲಿವರ್ ಕೋನ ಅವರಿಗೂ ಹೊಂದುತ್ತದೆ.

ನೆಲ ಸಿಮೆಂಟ್ ಆಗಿದ್ದರೆ ಹಸುವಿನ ಕೊಟ್ಟಿಗೆಗೆ ಹಾಕುವ ರಬ್ಬರ್ ಮ್ಯಾಟ್ ತಂದು ಹಾಸಿ. ಮಂಡ್ಯದಲ್ಲಿ ಡೇರಿ ಇರುವ ಊರಲ್ಲೆಲ್ಲ ಸಿಗುತ್ತದೆ. ನಿಂತು ಕೆಲಸ ಮಾಡುವವರ ಕಾಲಿಗೂ ಸೊಂಟಕ್ಕೂ ಬಹಳ ಒಳ್ಳೆಯದು. ವೇದಿಕೆ ಮೇಲೂ ಒಂದು ತುಂಡು ಹಾಕಿ.

ಪ್ಲೇಟ್ ವಿಷಯ. ಅತ್ತಿಗೆಯವರ ಮಣಿಕಟ್ಟು ನೋವಿಗೆ ಇದೇ ಮೂಲ ಅಂತ ನನಗೆ ಅನ್ನಿಸುತ್ತದೆ. ನುಣುಪು ಅಂಚಿನ ಪ್ಲೇಟನ್ನು ಬೆರಳಲ್ಲಿ ಚಿವುಟಿ ಹಿಡಿದು ಮಣಿಕಟ್ಟು ತಿರುಚಿದರೇನೇ ಅದು ತಿರುಗುವುದು. ಹಿಡಿತವೂ ತಿರುಚೂ ಒಟ್ಟಿಗೆ ಬಂದರೆ ಮಣಿಕಟ್ಟಿನ ನರಕ್ಕೆ, ಸ್ನಾಯುಗಳಿಗೆ ಕೆಟ್ಟದ್ದು. ರಾಗಿ ಬೀಸುವ ಕಲ್ಲಿಗೆ ಗೂಟವನ್ನು ಅಂಚಿನಲ್ಲಿ ಇಟ್ಟಿರುತ್ತಾರಲ್ವಾ, ಇಲ್ಲೂ ಅದೇ ಉಪಾಯ. ಎರಡೆರಡು ಸ್ಟೇಷನ್ ನಡುವೆ, ಅಂಚಿನಲ್ಲಿ, ಆರು ಗೂಟ ಹಾಕಿಸಿ. 6 ಮಿ.ಮೀ. ಬೋಲ್ಟ್ ಮೇಲೆ ಪ್ಲಾಸ್ಟಿಕ್ ನಳಿಕೆ ತೂರಿಸಿದರೆ ಆಯಿತು. ಗೂಟ ಬ್ರಾಕೆಟ್‌ಗಿಂತ ಜಾಸ್ತಿ ಎತ್ತರ ಇರಬಾರದು, ಪಂಚ್‌ಗೆ ಸಿಗಬಾರದು. ಆಮೇಲೆ ಚಿವುಟುವುದೇ ಬೇಡ. ತೋರುಬೆರಳು ಕೊಕ್ಕೆ ಮಾಡಿ ಎಳೆದರೆ ಬರುತ್ತದೆ, ಮಣಿಕಟ್ಟು ನೇರ ಇರುತ್ತದೆ.

ಯಾವ ಕಡೆ ತಿರುಗಬೇಕು? ಪ್ಲೇಟನ್ನು ಗಡಿಯಾರ ಅಂತ ನೋಡಿ. ರ್ಯಾಮ್ 12ರಲ್ಲಿ, ನೀವು 6ರ ಕಡೆ ನಿಂತಿದ್ದೀರಿ, ಬಲಗೈ ಲಿವರ್ ಮೇಲೆ. ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ. ಎಡಗೈ ಬೆರಳು 10ರ ಹತ್ತಿರದ ಗೂಟ ಹಿಡಿದು 8ರ ಕಡೆಗೆ, ಅಂದರೆ ನಿಮ್ಮ ಕಡೆಗೆ ಎಳೆಯುತ್ತದೆ. ಒತ್ತಿ ಮುಗಿದ ಪೀಸ್ 10 ದಾಟಿ 8ಕ್ಕೆ ಬರುತ್ತದೆ, ಎಡಗೈಗೆ ನೇರ ಸಿಗುತ್ತದೆ. ಅದನ್ನು ತೆಗೆದು ಎಡಗಡೆ ಟ್ರೇಗೆ ಹಾಕಿ, ಹೊಸ ಬ್ರಾಕೆಟ್ ಮತ್ತು ಬುಷ್ 6ರಲ್ಲಿ ಇಡಿ. ಅದು 4, 2 ದಾಟಿ 12ಕ್ಕೆ ಹೋಗುತ್ತದೆ. ನಡುವೆ ಕೈಗೆ ಕೆಲಸವಿಲ್ಲದ ಎರಡು ಸ್ಟೇಷನ್ ಸಿಗುವುದರಿಂದ ಬುಷ್ ವಾರೆ ಕೂತಿದ್ದರೆ ಕಣ್ಣಿಗೆ ಬೀಳುತ್ತದೆ. ಎಲ್ಲಕ್ಕಿಂತ ದೊಡ್ಡ ಲಾಭ ಅಂದರೆ ಎಡಗೈ ಬೆರಳು ರ್ಯಾಮ್ ಕೆಳಗೆ ಹೋಗುವ ಸಂದರ್ಭವೇ ಬರುವುದಿಲ್ಲ. ಈಗ ನೀವು ರ್ಯಾಮ್ ಕೆಳಗೇ ಬುಷ್ ಇಡುತ್ತಿದ್ದರೆ ಇವತ್ತೇ ನಿಲ್ಲಿಸಿ.

ಆಯಿಲ್ ಬಗ್ಗೆ ಕೇಳಿದಿರಿ. ಪ್ಲೇಟ್ ಅಡಿಗೆ ಎಣ್ಣೆ ಸುರಿದರೆ ಮೊದಲ ದಿನ ಸುಖ. ಆಮೇಲೆ ಅಲ್ಯೂಮಿನಿಯಂ ಪುಡಿ ಅಂಟಿ ಕೆಸರಾಗುತ್ತದೆ, ಇನ್ನೂ ಬಿಗಿ. ಪ್ಲೇಟ್ ಬಿಚ್ಚಿ ನೋಡಿ. ಮಧ್ಯದ ಪಿನ್ನಿಗೆ 20 ಮಿ.ಮೀ. ದಪ್ಪ ಇದ್ದರೆ 51104 ನಂಬರಿನ ಥ್ರಸ್ಟ್ ಬೇರಿಂಗ್ (ಮೇಲಿನ ಭಾರ ಹೊತ್ತು ತಿರುಗುವ ಬೇರಿಂಗ್) ಕೂರುತ್ತದೆ, 10 ಮಿ.ಮೀ. ಎತ್ತರ ತಿನ್ನುತ್ತದೆ, ಅಷ್ಟೇ. ಅದಕ್ಕೆ ಜಾಗ ಇಲ್ಲದಿದ್ದರೆ ನೈಲಾನ್ ವಾಷರ್ ಸಾಕು. ಬೇರಿಂಗ್‌ಗೆ ಸ್ವಲ್ಪ ಗ್ರೀಸ್, ಬೇರೆ ಎಲ್ಲೂ ಬೇಡ.

ಸ್ಟೇಷನ್‌ನಲ್ಲಿ ಪ್ಲೇಟ್ ನಿಲ್ಲಿಸುವುದು ಅಡಿಯಲ್ಲಿರುವ ಬಾಲ್ ಮತ್ತು ಸ್ಪ್ರಿಂಗ್. ಇದರ ಬಿಗಿತ ಕೆಳಗಿನ ಗ್ರಬ್ ಸ್ಕ್ರೂನಲ್ಲಿದೆ. ಪ್ಲೇಟ್ ಅಲ್ಲಾಡುತ್ತದೆ ಅಂತ ಬಹಳ ಜನ ಇದನ್ನು ಪೂರ್ತಿ ಬಿಗಿದು ಬಿಡುತ್ತಾರೆ. ಆಗ ಪ್ರತಿ ಸಲ ಜಗ್ಗಿ ಎಳೆಯಬೇಕು, ಒಮ್ಮೆಲೇ ಬಿಟ್ಟುಕೊಂಡು ಮುಂದಿನ ಸ್ಟೇಷನ್ ದಾಟಿ ಹೋಗುತ್ತದೆ. ಅದೇ ತಕ್ಕಡಿಯನ್ನು ಗೂಟಕ್ಕೆ ಸಿಕ್ಕಿಸಿ ನೋಡಿ, ಒಂದು ಕೆ.ಜಿ. ಆಸುಪಾಸಿಗೆ ಪ್ಲೇಟ್ ಕದಲಬೇಕು. ಬಾಲ್ ಸವೆದಿದ್ದರೆ ಸೈಕಲ್ ಅಂಗಡಿಯ ಕಾಲಿಂಚಿನ ಬಾಲ್ ಹೊಂದುತ್ತದಾ ನೋಡಿ, ಸ್ಪ್ರಿಂಗ್ ತೂತಿನ ಅಳತೆ ಮೇಲೆ ಅದು. ಸೆಟ್ ಆದಮೇಲೆ ಗ್ರಬ್ ಸ್ಕ್ರೂಗೆ ಸಡಿಲವಾಗದಂತೆ ಒಂದು ಹನಿ ಥ್ರೆಡ್ ಲಾಕರ್ ಅಂಟು ಹಾಕಿ. ಬಾಲ್ ಪ್ಲೇಟನ್ನು ಹತ್ತಿರಕ್ಕೆ ತರುತ್ತದೆ. ಕರಾರುವಾಕ್ಕಾಗಿ ಮಧ್ಯಕ್ಕೆ ತರುವುದು ಪಂಚ್‌ನ ಮೂತಿ ಮತ್ತು ಬುಷ್‌ನ ಚಾಂಫರ್. ಆ ಕೆಲಸವನ್ನು ಬಾಲ್ ಮೇಲೆ ಹೇರಿದಾಗಲೇ ಎಲ್ಲ ಬಿಗಿಯಾಗುವುದು.

ಇಲ್ಲೇ ಇನ್ನೊಂದು ನೋಡಿ. ರ್ಯಾಮ್ ಒತ್ತುವ ಜಾಗದಲ್ಲಿ ಪ್ಲೇಟ್ ಅಡಿಗೆ ಗಟ್ಟಿ ಕಬ್ಬಿಣದ ಆಧಾರ ಇದೆಯಾ? ಪ್ಲೇಟ್‌ಗೂ ಅದಕ್ಕೂ ನಡುವೆ ಫೀಲರ್ ಗೇಜ್‌ನಲ್ಲಿ (ಸಂದು ಅಳೆಯುವ ತೆಳು ಪಟ್ಟಿ) 0.1 ಮಿ.ಮೀ.ನಷ್ಟು ಸಂದು ಇರಲಿ. ಆಧಾರ ಇಲ್ಲದಿದ್ದರೆ 150-200 ಕೆ.ಜಿ. ಬಲವೆಲ್ಲ ಮಧ್ಯದ ಪಿನ್ ಮೇಲೆ ವಾರೆಯಾಗಿ ಬೀಳುತ್ತದೆ, ಪಿನ್ ಬಗ್ಗುತ್ತದೆ, ಪ್ಲೇಟ್ ಒಂದು ಕಡೆ ಉಜ್ಜಲು ಶುರುವಾಗುತ್ತದೆ. ಎಷ್ಟು ಎಣ್ಣೆ ಬಿಟ್ಟರೂ ಹಗುರಾಗದ ಪ್ಲೇಟ್‌ಗಳ ಕಥೆ ಬಹುಪಾಲು ಇದೇ.

ಹಿಡಿ ಬರೀ 16 ಮಿ.ಮೀ. ಕೋಲಾಗಿದ್ದರೆ ಅಂಗೈಗೆ ಕೊರೆಯುತ್ತದೆ. 32-35 ಮಿ.ಮೀ. ದಪ್ಪದ, ಕೋಲಿನ ಮೇಲೆ ತಾನೇ ತಿರುಗುವ ಹಿಡಿ ಮಾಡಿಸಿ. ಪಿವಿಸಿ ಪೈಪ್ ತುಂಡು, ತುದಿಗೊಂದು ವಾಷರ್ ಮತ್ತು ನಟ್ ಇದ್ದರೆ ಸಾಕು. ಲಿವರ್ ತಿರುಗುವಾಗ ಹಿಡಿ ಕೈಯಲ್ಲೇ ನಿಲ್ಲುತ್ತದೆ, ಚರ್ಮ ಉಜ್ಜುವುದಿಲ್ಲ, ಬಿಗಿಯಾಗಿ ಹಿಡಿಯುವ ಅಗತ್ಯವೂ ಇರುವುದಿಲ್ಲ.

ಟೇಬಲ್ ಅಲ್ಲಾಡುತ್ತದಾ ಅಂತ ತಿಳಿಯಲು ಅದರ ಮೇಲೆ ಲೋಟದ ತುಂಬಾ ನೀರಿಟ್ಟು ಒಂದು ಬುಷ್ ಒತ್ತಿ. ನೀರು ಚೆಲ್ಲಿದರೆ ನಿಮ್ಮ ಮೈ ಟೇಬಲನ್ನೂ ಹಿಡಿದು ನಿಲ್ಲಿಸುವ ಕೆಲಸ ಮಾಡುತ್ತಿದೆ. ಟೇಬಲನ್ನು ಗೋಡೆಗೆ ಅಥವಾ ನೆಲಕ್ಕೆ ಬೋಲ್ಟ್ ಮಾಡಿ. ಮೇಲ್ಭಾಗ ಪ್ಲೈವುಡ್ ಆಗಿದ್ದರೆ ಪ್ರೆಸ್ ಅಡಿಗೆ 6 ಮಿ.ಮೀ. ಕಬ್ಬಿಣದ ಹಾಳೆ ಕೊಟ್ಟು ಬೋಲ್ಟ್ ಬಿಗಿಯಿರಿ. ಪ್ರೆಸ್ ಟೇಬಲ್ ಅಂಚಿಗೆ ಹತ್ತಿರ ಇರಲಿ, ಇಲ್ಲದಿದ್ದರೆ ಇಡೀ ದಿನ ಮುಂದಕ್ಕೆ ಬಾಗಿರುತ್ತೀರಿ. ಬ್ರಾಕೆಟ್, ಬುಷ್ ಡಬ್ಬಗಳು ಮೊಣಕೈ ಮೈಗೆ ತಾಗಿಸಿಕೊಂಡೇ ಕೈಗೆ ಸಿಗುವಷ್ಟು ದೂರದಲ್ಲಿ, 35-40 ಸೆಂ.ಮೀ. ಒಳಗೆ ಇರಲಿ. ಡಬ್ಬದ ಅಡಿಗೆ ಚಪ್ಪಟೆ ತುಂಡು ಕೊಟ್ಟು ಮುಂದಕ್ಕೆ ಓರೆ ಮಾಡಿ. ಲೈಟ್ ಎಡಗಡೆ ಮುಂದಿನಿಂದ ಬರಲಿ. ಸೆರಗು, ವೇಲು ಸಿಕ್ಕಿಸಿಕೊಳ್ಳಲಿ, ಕಣ್ಣಿಗೆ ಕನ್ನಡಕ ಇರಲಿ, ವಾರೆ ಬುಷ್ ಸಿಡಿಯುತ್ತದೆ.

ಸರದಿಯನ್ನು ಅರ್ಧ ದಿನಕ್ಕೊಮ್ಮೆ ಬದಲಿಸುತ್ತಿದ್ದರೆ ಗಂಟೆಗೊಮ್ಮೆ ಬದಲಿಸಿ. ಒಬ್ಬರು ಪ್ರೆಸ್, ಇನ್ನೊಬ್ಬರು ಚೆಕ್ ಮಾಡುವುದು, ಎಣಿಸುವುದು, ಪ್ಯಾಕಿಂಗ್. ಊಟದ ಹೊತ್ತಿಗೆ ಒಂದೇ ದೊಡ್ಡ ಬಿಡುವು ಕೊಡುವುದಕ್ಕಿಂತ ಅರ್ಧ ಗಂಟೆಗೆ ಎರಡು ನಿಮಿಷ ಕೈ ಇಳಿಬಿಡುವುದು ಸ್ನಾಯುಗಳಿಗೆ ಜಾಸ್ತಿ ಅನುಕೂಲ. ಒಂದು ಮಾತು ಗಂಭೀರವಾಗಿ ತಗೊಳ್ಳಿ. ಅತ್ತಿಗೆಯವರಿಗೆ ರಾತ್ರಿ ಹೊತ್ತು ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದರೆ, ಕೈ ಕೊಡವಿದರೆ ಸರಿಹೋಗುತ್ತಿದ್ದರೆ, ಅದು ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ ಲಕ್ಷಣ. ಪ್ರೆಸ್ ಸರಿಮಾಡಿ ಕಾಯುತ್ತಾ ಕೂರಬೇಡಿ. ಮಂಡ್ಯದ ಮಿಮ್ಸ್‌ನಲ್ಲಿ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮೂಳೆ ವಿಭಾಗದ ವೈದ್ಯರಿಗೆ ತೋರಿಸಿ. ಬೇಗ ತೋರಿಸಿದಷ್ಟೂ ಸುಲಭವಾಗಿ ವಾಸಿಯಾಗುತ್ತದೆ.

ಎಲ್ಲವನ್ನೂ ಒಂದೇ ದಿನ ಬಿಚ್ಚಿಡಬೇಡಿ, ಆರ್ಡರ್ ನಿಂತುಹೋಗುತ್ತದೆ. ವೇದಿಕೆ ಮತ್ತು ಗೂಟ ಈ ವಾರವೇ ಆಗಲಿ, ಅತ್ತಿಗೆಯವರಿಗೆ ತಕ್ಷಣ ಗೊತ್ತಾಗುತ್ತದೆ. ಪಂಚ್, ಸ್ಟಾಪರ್ ಬಂದಮೇಲೆ ಒಂದು ಭಾನುವಾರ ಲಿವರ್ ಕೋನ, ಸ್ಪ್ರಿಂಗ್, ಗಿಬ್ ಒಟ್ಟಿಗೆ ನೋಡಿ. ಈ ಮೂರು ಒಂದಕ್ಕೊಂದು ಸಂಬಂಧ ಇರುವುದರಿಂದ ಬೇರೆ ಬೇರೆ ಮಾಡಿದರೆ ಎರಡೆರಡು ಸಲ ಸೆಟ್ ಮಾಡಬೇಕಾಗುತ್ತದೆ.

ಗಾಳಿ ಪ್ರೆಸ್ ಬಗ್ಗೆ: 600 ಪೀಸ್‌ಗೆ ಅದು ಬೇಕಾಗಿಲ್ಲ ಅಂತಲೇ ನನ್ನ ಅಭಿಪ್ರಾಯ. ಕಂಪ್ರೆಸರ್, ಅದರ ಶಬ್ದ, ಕರೆಂಟು ಎಲ್ಲ ಜೊತೆಗೆ ಬರುತ್ತದೆ. ಪ್ಲೇಟ್ ಮಾತ್ರ ಆಗಲೂ ನೀವೇ ತಿರುಗಿಸಬೇಕು, ಮಣಿಕಟ್ಟಿನ ನೋವು ಹಾಗೇ ಉಳಿಯುತ್ತದೆ. ಆರ್ಡರ್ ಎರಡು ಮೂರು ಪಟ್ಟಾದರೆ ಯೋಚಿಸಿ. ಆಗಲೂ ಎರಡೂ ಕೈಯಿಂದ ಬಟನ್ ಒತ್ತಿದರೆ ಮಾತ್ರ ಇಳಿಯುವ ಪ್ರೆಸ್ಸನ್ನೇ ತಗೊಳ್ಳಿ. ಕಾಲಲ್ಲಿ ಒತ್ತುವ ಪೆಡಲ್ ಇರುವ ಹಳೆ ಪ್ರೆಸ್ ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ತೋರಿಸಿದರೆ ಬೇಡ ಅನ್ನಿ. ಕೈಯಲ್ಲಿ ಎಳೆಯುವಾಗ ಬೆರಳು ಸಿಕ್ಕಿದರೆ ನಿಮಗೆ ಗೊತ್ತಾಗಿ ಕೈ ನಿಲ್ಲುತ್ತದೆ, ಗಾಳಿಗೆ ಅದು ಗೊತ್ತಾಗುವುದಿಲ್ಲ.